ಬಸ್ಸಿನವರು ಕೇಳಿರದ ಯೂನಿವರ್ಸಿಟಿ

ನಾನು ನರ್ಸ್. ಕುವೈತಿನ ಆಸ್ಪತ್ರೆಯ ವಾರ್ಡಿನಲ್ಲಿ ನಗುವ ಸಂದರ್ಭ ಕಡಿಮೆ. ಆ ಕೊರತೆಯನ್ನು ಮನೆಯಲ್ಲಿ ನಮ್ಮ ಯಜಮಾನರು ತುಂಬಿಕೊಡುತ್ತಾರೆ. ಒಂದು ವಾರ ಏನೂ ಎಡವಟ್ಟು ಮಾಡದಿದ್ದರೆ ನನಗೇ ಹೆದರಿಕೆ, ಜ್ವರವೋ ಏನೋ ಅಂತ. ಮಗಳ ಕಾಲೇಜಿನ ವಿಷಯದಲ್ಲಂತೂ ಕೇಳಲೇಬೇಡಿ.

೧. ವಿಚಾರಣೆ

ಮಗಳಿಗೆ ಅಮೆರಿಕದ ಒಂದು ಹಳೆಯ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಕಪ್ಪು ಜನರನ್ನು ಬೇರೆ ಕಾಲೇಜುಗಳು ಗೇಟಿನಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಅವರಿಗಾಗಿ ಕಟ್ಟಿದ್ದು. ಈಗ ಯಾರು ಬೇಕಾದರೂ ಸೇರಬಹುದು. ಮಗಳಿಗೆ ಅಲ್ಲಿಗೇ ಹೋಗಬೇಕು.

ಯಜಮಾನರು ರಿಫೈನರಿಯಲ್ಲಿ ಟೆಕ್ನಿಷಿಯನ್. ಕಂಪೆನಿ ಬಸ್ಸಿನಲ್ಲಿ ವಿಚಾರಿಸಿ, ಮುಖ ಸಣ್ಣ ಮಾಡಿಕೊಂಡು ಬಂದರು.

"ಇಡೀ ಬಸ್ಸಿನಲ್ಲಿ ಒಬ್ಬರೂ ಅದರ ಹೆಸರು ಕೇಳಿಲ್ಲ ಮಾರಾಯ್ತಿ. ಒಳ್ಳೆಯದಾಗಿದ್ದರೆ ಒಬ್ಬರಿಗಾದರೂ ಗೊತ್ತಿರಬೇಡವಾ?"

"ನಿಮ್ಮ ಬಸ್ಸಿನವರಿಗೆ ಗೊತ್ತಿರುವುದು ಎರಡೇ ಕಾಲೇಜು," ಎಂದೆ. "ಒಂದು ಅವರು ಓದಿದ್ದು, ಇನ್ನೊಂದು ಅವರ ಮಕ್ಕಳಿಗೆ ಸೀಟು ಸಿಗದೆ ಹೋದದ್ದು."

೨. ಬಿಸಿನೀರು

ಶುಕ್ರವಾರ ಮಗಳು ಅಲ್ಲಿ ಓದುವ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ವೀಡಿಯೊ ಕಾಲ್‌ನಲ್ಲಿ ಕೂರಿಸಿದಳು. ಯಜಮಾನರು ನೇರ ವಿಷಯಕ್ಕೇ ಬಂದರು: "ನಿಮ್ಮ ಕಾಲೇಜಿನಲ್ಲಿ ಏನು ಸರಿ ಇಲ್ಲ?"

ಹುಡುಗ ಪ್ರಾಮಾಣಿಕ. "ಪಾಠ ಚೆನ್ನಾಗಿದೆ ಅಂಕಲ್, ಪ್ರೊಫೆಸರುಗಳಿಗೆ ನಮ್ಮೆಲ್ಲರ ಹೆಸರೂ ಗೊತ್ತು. ಆದರೆ ಹಾಸ್ಟೆಲ್ ಹಳೆಯದು. ಎಷ್ಟೋ ದಿನ ಬಿಸಿನೀರೇ ಬರುವುದಿಲ್ಲ."

"ಅಷ್ಟೇನಾ!" ಇವರ ಮುಖ ಅರಳಿತು. "ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುತ್ತದಪ್ಪ. ನನ್ನ ಮಗಳು ಹುಟ್ಟಿದಾಗಿನಿಂದ ಕಾಯುತ್ತಿರುವುದೇ ತಣ್ಣೀರಿಗೆ!"

೩. ಯಾರ ಮಗಳು?

ಆಮೇಲೆ ಹುಡುಗಿ ಅಲ್ಲಿನ ಸಂಪ್ರದಾಯ ಹೇಳಿದಳು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಸಂಸಾರ ಸಮೇತ ಬರುತ್ತಾರಂತೆ. ಅಜ್ಜಿಯಂದಿರು ಹೊಸ ಮಕ್ಕಳನ್ನು ತಡೆದು ನಿಲ್ಲಿಸಿ, ಯಾವ ಊರು, ಯಾರ ಮಗಳು, ಊಟ ಆಯಿತಾ ಅಂತ ಕೇಳಿ, ಬೇಡವೆಂದರೂ ತಟ್ಟೆ ತುಂಬಿಸುತ್ತಾರಂತೆ.

ಇವರು ನನ್ನ ಕಡೆ ತಿರುಗಿ, "ಬಜಪೆಯ ನಿನ್ನ ಸೋದರತ್ತೆ ಅಲ್ಲಿಗೆ ಯಾವಾಗ ಹೋದದ್ದು?" ಎಂದರು.

ಆ ಹುಡುಗಿ ಕಾಲೇಜಿನ ಬ್ಯಾಂಡಿನ ವಿಷಯವನ್ನೂ ಹೇಳಿದಳು. ಅಲ್ಲಿ ಫುಟ್‌ಬಾಲ್ ಮ್ಯಾಚಿಗೆ ಜನ ಬರುವುದೇ ಬ್ಯಾಂಡ್ ನೋಡಲಿಕ್ಕಂತೆ. ಅಷ್ಟಕ್ಕೆ ಇವರು ಗಂಭೀರರಾದರು. ಚಿಕ್ಕಂದಿನಲ್ಲಿ ಊರಿನ ಇಗರ್ಜಿಯ ಹಬ್ಬಕ್ಕೆ ಟ್ರಂಪೆಟ್ ಊದಿದವರು. ಮಗಳಿಗೆ ಕಲಿಸಿದ್ದೂ ಇವರೇ.

"ಬ್ಯಾಂಡಿನವರು ತೆಗೆದುಕೊಂಡರೆ ಹೋಗಲಿ," ಎಂದರು ಆಮೇಲೆ. "ಒಟ್ಟಿಗೆ ಊದುವವರು ಇದ್ದರೆ ಹುಡುಗಿ ಒಂಟಿಯಾಗುವುದಿಲ್ಲ. ಇಲ್ಲದಿದ್ದರೆ ಮಂಗಳೂರಿನಲ್ಲೇ ಓದಲಿ. ಖಲಾಸ್."

ಮಗಳು ಊಟ ಬಿಟ್ಟು ಟ್ರಂಪೆಟ್ ಹಿಡಿದಳು. ಪಕ್ಕದ ಫ್ಲ್ಯಾಟಿನ ಈಜಿಪ್ಟಿನ ಹೆಂಗಸು ಮೂರನೆಯ ದಿನ ಬಾಗಿಲು ತಟ್ಟಿ, "ಮದುವೆ ಯಾವಾಗ?" ಎಂದು ವಿಚಾರಿಸಿದಳು.

೪. ಆಡಿಷನ್

ಆಡಿಷನ್‌ಗೆ ಊದುತ್ತಾ ಹೆಜ್ಜೆ ಹಾಕುವ ವೀಡಿಯೊ ಕಳಿಸಬೇಕಿತ್ತು. ಅಬು ಹಲೀಫಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಜಾಗ ಮಾಡಿದೆವು. ಮಗಳು ಶಾಲೆಯ ಯೂನಿಫಾರ್ಮ್ ಹಾಕಿ ನಿಂತಳು. ನಾನು ಫೋನ್ ಹಿಡಿದೆ. "ಡ್ಯಾಡಿ, ಪ್ಲೀಸ್ ಗೋ ಇನ್‌ಸೈಡ್," ಎಂದಳು. ಇವರು ವಿಧೇಯರಾಗಿ ಬೆಡ್‌ರೂಮಿಗೆ ಹೋದರು. ನಾಲ್ಕನೆಯ ಸಲಕ್ಕೆ ತಪ್ಪಿಲ್ಲದೆ ಬಂತು, ಕಳಿಸಿಬಿಟ್ಟೆವು.

ಎರಡು ವಾರ ಉತ್ತರ ಇಲ್ಲ. ಮಗಳು ಫೋನ್ ಬಿಟ್ಟು ಕದಲಲಿಲ್ಲ. ಇವರಿಗೂ ಶರತ್ತು ಹಾಕಿದ್ದಕ್ಕೆ ಒಳಗೊಳಗೇ ಪಶ್ಚಾತ್ತಾಪ. ನನಗೆ ಇಬ್ಬರನ್ನೂ ನೋಡಿ ಅಳು ಬರುತ್ತಿತ್ತು.

ಕೊನೆಗೆ ಬ್ಯಾಂಡ್ ಮಾಸ್ತರರ ಮೇಲ್ ಬಂತು. ಮಗಳು ಗಟ್ಟಿಯಾಗಿ ಓದಿದಳು: "ನಿಮ್ಮನ್ನು ಸಂತೋಷದಿಂದ ಸೇರಿಸಿಕೊಂಡಿದ್ದೇವೆ." ಇವರು ಅವಳನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ.

"ಡ್ಯಾಡಿ, ಇನ್ನೂ ಇದೆ," ಎಂದು ಅವಳು ಮುಂದೆ ಓದಿದಳು. "ನಿಮ್ಮ ವೀಡಿಯೊದಲ್ಲಿ, ಹಿಂದುಗಡೆಯ ಕೋಣೆಯ ಕನ್ನಡಿಯಲ್ಲಿ ಇನ್ನೊಬ್ಬ ಅಭ್ಯರ್ಥಿ ಕಾಣುತ್ತಾರೆ. ಬನಿಯನ್, ಚೌಕಳಿ ಸ್ಕರ್ಟ್, ಕೈಯಲ್ಲಿ ಟ್ರಂಪೆಟ್ ಬದಲು ಬಾಚಣಿಗೆ. ಅವರ ಅರ್ಜಿ ನಮಗೆ ತಲುಪಿಲ್ಲ. ಉತ್ಸಾಹ ಬಹಳ ಚೆನ್ನಾಗಿದೆ. ಹೆಜ್ಜೆ ಹಾಕುವಾಗ ಮೊಣಕಾಲು ಮಾತ್ರ ಇನ್ನೂ ಮೇಲೆ ಬರಬೇಕು."

ಸಾಯ್ಬಾ, ದೇವರೇ! ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಇವರು ಮಾತ್ರ ನಗಲಿಲ್ಲ. ಕಣ್ಣೊರೆಸಿಕೊಂಡು, ಲುಂಗಿ ಮೇಲೆತ್ತಿ ಕಟ್ಟಿ, ಮಗಳಿಗೆ ಹೇಳಿದರು: "ಎಷ್ಟು ಮೇಲೆ ಅಂತ ಕೇಳು."