ಮಾರ್ಗರೆಟ್ಟಮ್ಮನ ಕಂದು ಮೆಷಿನ್ನು

ಬಾಗಿಲುಗಳ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ವಿಮಾನದ ಬಾಗಿಲಿನ ಸುತ್ತ ಒಂದು ರಬ್ಬರ್ ಪಟ್ಟಿ ಇರುತ್ತದಲ್ಲ, ಅದರ ಕೆಲಸದಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಆಕಾಶದಲ್ಲಿ ಗಾಳಿ ಸೋರದಂತೆ ನೋಡಿಕೊಳ್ಳುವವನು ಈ ಪರದೇಶದ ಊರಾದ ಬಾಥೆಲ್‌ನ ತನ್ನ ಸ್ವಂತ ಅಡುಗೆಮನೆಯಲ್ಲಿ, ಅದೂ ನೆಲಮಟ್ಟದಲ್ಲಿ, ನೀರು ಸೋರದಂತೆ ನೋಡಿಕೊಳ್ಳಲಾರನೆ? ಇಂಥ ಪ್ರಶ್ನೆಗಳನ್ನು ಮನುಷ್ಯ ತನಗೆ ತಾನೇ ಕೇಳಿಕೊಳ್ಳಬಾರದು!

ನಮಗೆ ಈ ಮನೆ ಮಾರಿದವರು ಮಾರ್ಗರೆಟ್ ಎಂಬ ಹಿರಿಯರು. ಗಂಡ ಎಡ್ ತೀರಿಕೊಂಡ ಮೇಲೆ ಅವರು ಪಕ್ಕದ ಊರಾದ ಲಿನ್‌ವುಡ್‌ನಲ್ಲಿ ಒಂದು ಪುಟ್ಟ ಅಪಾರ್ಟ್‌ಮೆಂಟ್ ಸೇರಿದರು. ಮನೆಯ ಜೊತೆ ಒಂದು ಡಿಶ್‌ವಾಷರ್ ಕೂಡ ಬಂತು. ತಾಮ್ರದಂಥ ಕಂದು ಬಣ್ಣ, ಮುಷ್ಟಿಗಾತ್ರದ ತಿರುಗುಗುಂಡಿ, ಹಾರ್ಮೋನಿಯಂ ಮನೆಗಳಂತೆ ಸಾಲಾಗಿ ಒತ್ತುವ ಬಟನ್‌ಗಳು. ಈ ಮನೆಗೆ ಬಂದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಿ ಆರಿಸಿ ತಂದದ್ದಂತೆ. ವಯಸ್ಸಿನಲ್ಲಿ ನನಗಿಂತ ಹಿರಿದು. ಬೀಗದ ಕೈ ಕೊಡುವಾಗ ಮಾರ್ಗರೆಟ್ ಕೇಳಿಕೊಂಡದ್ದು ಒಂದೇ ಮಾತು.

"ಇದನ್ನು ಕೀಳಿಸೋ ಕಾಲ ಬಂದ್ರೆ, ಮೊದಲು ನನಗೊಂದು ಮಾತು ಹೇಳ್ತೀಯಾ?"

(ಅವರು ಆಡಿದ್ದು ಇಂಗ್ಲಿಷ್. ನಾನು ಇಲ್ಲಿ ಕನ್ನಡ ಆಡಿಸುತ್ತಿದ್ದೇನೆ.) ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಈಗ ಒಂದು ಸಾಂಸ್ಕೃತಿಕ ಸತ್ಯವನ್ನು ಓದುಗರ ಮುಂದಿಡಬೇಕು. ಇಲ್ಲಿರುವ ನಮ್ಮ ಕನ್ನಡಿಗರ ಬಹುಪಾಲು ಮನೆಗಳಲ್ಲಿ ಡಿಶ್‌ವಾಷರ್ ಎಂದರೆ ಪಾತ್ರೆ ತೊಳೆಯುವ ಯಂತ್ರ ಅಲ್ಲ. ಅದು ಪಾತ್ರೆ ಇಡುವ ಬೀರು! ಮುಸುರೆ ಪಾತ್ರೆಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ನನ್ನ ಹೆಂಡತಿ ಶಾಲಿನಿಗೆ ಆಗಿಬರುವುದಿಲ್ಲ. ಉಂಡ ಕೂಡಲೇ ಪಾತ್ರೆ ಕೈಯಲ್ಲೇ ತೊಳೆಯಬೇಕು. ಆ ಕೈ ನನ್ನದು. ತೊಳೆದ ಪಾತ್ರೆಗಳ ನೀರಿಳಿಯಲು ಮೆಷಿನ್ನಿನ ಕಂಬಿಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕ್ರಮೇಣ ಇಡ್ಲಿ ಸ್ಟ್ಯಾಂಡು, ಒತ್ತುಶ್ಯಾವಿಗೆ ಒರಳು, ಹಬ್ಬಕ್ಕೆ ಮಾತ್ರ ಹೊರಬರುವ ದೊಡ್ಡ ಪಾತ್ರೆಗಳೆಲ್ಲ ಅಲ್ಲೇ ಖಾಯಂ ನಿವಾಸಿಗಳಾದವು.

ಮಾರ್ಗರೆಟ್ ಆಗಾಗ ಫೋನ್ ಮಾಡಿ, "ನನ್ನ ಮೆಷಿನ್ ಉಪಯೋಗಕ್ಕೆ ಬರ್ತಿದೆಯಾ?" ಎಂದು ಕೇಳುತ್ತಿದ್ದರು.

"ಅದಿಲ್ದಿದ್ರೆ ನಮ್ಮ ಅಡುಗೆಮನೆ ನಡೆಯೋದೇ ಇಲ್ಲ, ಮಾರ್ಗರೆಟ್!" ಎನ್ನುತ್ತಿದ್ದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಹೀಗಿರುವಾಗ ಅಡುಗೆಮನೆ ಹೊಸದಾಗಿ ಕಟ್ಟಿಸುವುದೆಂದು ಶಾಲಿನಿ ತೀರ್ಮಾನಿಸಿದಳು. ಸೋಮವಾರ ಕೆಲಸದವರು ಬಂದು ಹಳೆಯದನ್ನೆಲ್ಲ ಕಿತ್ತುಹಾಕುವುದು ಗೊತ್ತಾಯಿತು. ಕೊಟ್ಟ ಮಾತಿನಂತೆ ಮಾರ್ಗರೆಟ್‌ಗೆ ಫೋನ್ ಮಾಡಿದೆ. ಅವರು, "ಕೀಳೋ ಮೊದಲು ಒಂದೇ ಒಂದು ಸಲ ಅದು ಓಡೋದನ್ನ ಕೇಳಬಹುದಾ? ನೋಡಬೇಕು ಅಂತಿಲ್ಲ, ಕೇಳಿದ್ರೆ ಸಾಕು" ಎಂದರು. ಆ ದನಿ ಕೇಳಿ ನನಗೆ ಸಂಕಟವಾಯಿತು.

ಅದನ್ನು ಕಸಕ್ಕೆ ಹೋಗದಂತೆ ಉಳಿಸುವ ದಾರಿ ಏನಾದರೂ ಇದೆಯೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಜಗತ್ತು ನಾವು ತಿಳಿದಿದ್ದಕ್ಕಿಂತ ದೊಡ್ಡದು! ಹಳೆಯ ಡಿಶ್‌ವಾಷರ್‌ಗಳನ್ನು ಪ್ರೀತಿಸುವವರ ಒಂದು ಬಳಗವೇ ಅಲ್ಲಿದೆ. ಅಜ್ಜಿ ಮನೆಯ ಮೆಷಿನ್ನು ನೀರು ಬಿಡುವಾಗ ಯಾವ ಸದ್ದು ಮಾಡುತ್ತಿತ್ತು ಎಂದು ಒಬ್ಬರು ಬರೆದರೆ, ಇನ್ನೊಬ್ಬರು ಅದನ್ನು ಓದಿ ಕಣ್ಣೀರಿಟ್ಟೆ ಎಂದು ಬರೆಯುತ್ತಾರೆ. ನಮ್ಮ ಮೆಷಿನ್ನಿನ ಫೋಟೊ ಹಾಕಿದ್ದೇ ತಡ, ಡಗ್ ಎಂಬವರಿಂದ ಉತ್ತರ ಬಂತು. ಊರಾಚೆ ಹಳ್ಳಿ ಕಡೆ ಅವರದೊಂದು ಶೆಡ್ಡು, ಅದರ ತುಂಬ ಡಿಶ್‌ವಾಷರ್‌ಗಳು. ಈ ಕಂದು ಬಣ್ಣದ್ದನ್ನು ಬಹಳ ಕಾಲದಿಂದ ಹುಡುಕುತ್ತಿದ್ದಾರಂತೆ. ಜೋಪಾನವಾಗಿ ಸಾಕಿಕೊಳ್ಳುತ್ತೇನೆ ಎಂದರು. ಆದರೆ ಒಂದು ಷರತ್ತು: ಅದು ಓಡಬೇಕು. ಓಡದವು ಈಗಾಗಲೇ ಶೆಡ್ಡಿನ ತುಂಬ ಇವೆ, ಇನ್ನೊಂದಕ್ಕೆ ಜಾಗ ಇಲ್ಲ.

ಶನಿವಾರ ಮನೆಗೆ ಬನ್ನಿ ಎಂದು ಮಾರ್ಗರೆಟ್, ಡಗ್ ಇಬ್ಬರನ್ನೂ ಕರೆದೆ. ಅಂದರೆ ವಿಷಯ ಇಷ್ಟು. ಶನಿವಾರ ಮೆಷಿನ್ನು ಓಡಿದರೆ ಅದು ಡಗ್ ಅವರ ಶೆಡ್ಡಿಗೆ; ಮಾರ್ಗರೆಟ್ ಮನಸ್ಸಿಗೂ ನೆಮ್ಮದಿ. ಓಡದಿದ್ದರೆ ಸೋಮವಾರ ಗುಜರಿಗೆ.

"ಮೊದಲು ನಾವೇ ಒಂದ್ಸಲ ಓಡಿಸಿ ನೋಡೋಣ ಕಣ್ರೀ" ಎಂದಳು ಶಾಲಿನಿ.

"ಏನೂ ಬೇಕಾಗಿಲ್ಲ. ಬಾಗಿಲು ಚೆಕ್ ಮಾಡಿದೀನಿ. ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿದೆ!"

ರಬ್ಬರ್ ಎಂಬುದು ಕಲ್ಲಿನ ಹಾಗೆ ಗಟ್ಟಿಯಾಗಿರಬಾರದು. ಇದು ನನ್ನ ವೃತ್ತಿಯ ಮೊದಲನೆಯ ಪಾಠ. ಅದು ನೆನಪಾದದ್ದು ಆಮೇಲೆ.

ಶನಿವಾರ ಬೆಳಿಗ್ಗೆ ಶಾಲಿನಿ, "ಊಟಕ್ಕೂ ಇರಿ ಅಂತ ಹೇಳಿದೀನಿ ಅವರಿಗೆ. ಕ್ರಾಸ್‌ರೋಡ್ಸ್‌ಗೆ ಹೋಗಿ ನಮ್ಮ ಅಂಗಡಿಯಲ್ಲಿ ಮೊಸರು, ಕೊತ್ತಂಬರಿ ತಗೊಂಡು ಬರ್ತೀನಿ. ಅಷ್ಟರೊಳಗೆ ಮೆಷಿನ್ ಖಾಲಿ ಮಾಡಿಡಿ. ಪೂರ್ತಿ ಅಂದ್ರೆ ಪೂರ್ತಿ!" ಎಂದು ಆಜ್ಞಾಪಿಸಿ ಹೊರಟಳು.

ಮೆಷಿನ್ನಿನ ಮೇಲಿನ ಅಂತಸ್ತನ್ನು ಪೂರ್ತಿ ಖಾಲಿ ಮಾಡಿದೆ. ಕೆಳಗಿನ ಅಂತಸ್ತಿನಲ್ಲಿ ದೊಡ್ಡ ಸ್ಟೀಲ್ ಪಾತ್ರೆಗಳು ತಟ್ಟೆ ಮುಚ್ಚಿಕೊಂಡು ಗಂಭೀರವಾಗಿ ಕುಳಿತಿದ್ದವು. ಆಗ ನನ್ನ ತಲೆಗೊಂದು ಯೋಚನೆ ಬಂತು. ಪಾಪ, ಅಷ್ಟು ಆಸೆಯಿಂದ ಬರುವ ಹಿರಿಯರಿಗೆ ಖಾಲಿ ಮೆಷಿನ್ ಓಡಿಸಿ ತೋರಿಸುವುದೆ? ತುಂಬಿದ ಸಂಸಾರದ ಕಳೆ ಇರಬೇಡವೆ? ಈ ಪಾತ್ರೆಗಳು ಇಲ್ಲೇ ಇರಲಿ, ಹಾಗೇ ತೊಳೆದುಕೊಳ್ಳಲಿ! ತಟ್ಟೆ ಎತ್ತಿ ಒಳಗೆ ನೋಡುವ ಗೋಜಿಗೆ ಹೋಗಲಿಲ್ಲ. ಬಾಗಿಲು ಮುಚ್ಚಿದೆ.

ಮಾರ್ಗರೆಟ್ ನೀಲಿ ಸ್ವೆಟರ್ ಹಾಕಿಕೊಂಡು, ತುಟಿಗೆ ತೆಳುವಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ಕೈಯಲ್ಲಿ ಟವೆಲ್ ಸುತ್ತಿದ ಒಂದು ಪಿಂಗಾಣಿ ತಟ್ಟೆ. "ಎಡ್ ಇದನ್ನ ಯಾವಾಗಲೂ ಇಲ್ಲೇ ಇಡ್ತಿದ್ದ" ಎನ್ನುತ್ತಾ ಮೇಲಿನ ಅಂತಸ್ತಿನ ಮೂಲೆಯಲ್ಲಿ ನಿಲ್ಲಿಸಿದರು. ಡಗ್ ಬಂದವರೇ ಟೋಪಿ ತೆಗೆದರು. ನಮಗಲ್ಲ, ಮೆಷಿನ್ನಿಗೆ.

ಮಾರ್ಗರೆಟ್ ಬಟನ್ ಒತ್ತಿದರು.

ಏನೂ ಆಗಲಿಲ್ಲ.

ಒಳಗೆ ಬರೀ ಗುಂಯ್ ಎನ್ನುವ ಸದ್ದು. "ನೀರು ಬರ್ತಿಲ್ಲ" ಎಂದರು ಡಗ್. ಹೇಗೆ ಬಂದೀತು? ಬೀರುವಿಗೆ ನೀರೇಕೆ ಎಂದು ಸಿಂಕ್ ಕೆಳಗಿನ ನಲ್ಲಿಯನ್ನು ನಾನೇ ಎಂದೋ ಮುಚ್ಚಿದ್ದೆ! ಏನೂ ಗೊತ್ತಿಲ್ಲದವನಂತೆ ಸಿಂಕ್ ಕೆಳಗೆ ತೂರಿಕೊಂಡು ನಲ್ಲಿ ತಿರುಗಿಸಿದೆ. ನೀರು ನುಗ್ಗಿದ ಖುಷಿಗೆ ತಲೆ ಎತ್ತಿದೆ. ಧಡ್! ಸಿಂಕ್‌ಗೆ ಏನೂ ಆಗಲಿಲ್ಲ.

ನಾನು ಹಣೆ ಉಜ್ಜಿಕೊಳ್ಳುತ್ತಾ ಹೊರಬರುವಷ್ಟರಲ್ಲಿ ಮೆಷಿನ್ನು ಹಾಡತೊಡಗಿತ್ತು. ಡಗ್ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಕಛೇರಿಯ ಮುಂದಿನ ಸಾಲಿನ ರಸಿಕರಂತೆ ತಲೆದೂಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವರ ಹುಬ್ಬು ಮೇಲೇರಿತು.

"ಷ್! ಕೇಳಿಸ್ತಿದೆಯಾ? ಈ ಮಾಡೆಲ್ ಇಷ್ಟು ಕೆಳಗಿನ ದನಿಯಲ್ಲಿ ಹಾಡೋದನ್ನ ನಾನು ಕೇಳೇ ಇಲ್ಲ. ಗುಳು ಗುಳು ಅಂತಿದೆ. ಇದು ತುಂಬಾ ಅಪರೂಪದ್ದು!"

ನಾನು ಎದೆಯುಬ್ಬಿಸಿ, "ಚೆನ್ನಾಗಿ ನೋಡ್ಕೊಂಡಿದೀವಿ" ಎಂದೆ.

"ನನ್ನ ಕಾಲದಲ್ಲಿ ಇದು ಹೀಗೆ ಹಾಡ್ತಿರಲಿಲ್ಲ" ಎಂದರು ಮಾರ್ಗರೆಟ್, ಅನುಮಾನದಿಂದ.

ಅಷ್ಟರಲ್ಲಿ ಶಾಲಿನಿ ಮೊಸರು, ಕೊತ್ತಂಬರಿ ಹಿಡಿದು ಒಳಬಂದಳು. ಎಲ್ಲರಿಗೂ ನಮಸ್ಕಾರ ಹೇಳಿದವಳು ಇದ್ದಕ್ಕಿದ್ದಂತೆ ನಿಂತು ಮೂಗರಳಿಸಿದಳು.

"ರೀ, ಯಾರು ರಾಗಿ ಅಂಬಲಿ ಮಾಡ್ತಿರೋದು?"

ನಾನು ಮೆಷಿನ್ನಿನ ಕಡೆ ತಿರುಗಿದೆ.

"ಶಾಲಿನಿ, ಆ ದೊಡ್ಡ ಪಾತ್ರೆಯಲ್ಲಿ ಏನಿತ್ತು?"

"ಅಮ್ಮ ತುಮಕೂರಿನಿಂದ ಕಳಿಸಿದ ರಾಗಿಹಿಟ್ಟು ಕಣ್ರೀ! ಇರುವೆ ಬರಲ್ಲ ಅಂತ ಅದರೊಳಗೆ ಸುರಿದು ಮುಚ್ಚಿಟ್ಟಿದ್ದೆ. ಖಾಲಿ ಮಾಡಿ ಅಂತ ಹೇಳಿರಲಿಲ್ವಾ?"

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ನಮ್ಮಲ್ಲಿದೆ. ಹಿಟ್ಟು ತಿಂದ ನಮ್ಮ ಮೆಷಿನ್ನು ಬಾಗಿಲನ್ನೇ ಕಿತ್ತಿಡುವುದರಲ್ಲಿತ್ತು! ಕಲ್ಲಿನಂಥ ರಬ್ಬರಿನ ಅಂಚಿನಿಂದ ಕಂದು ಬಣ್ಣದ ಬಿಸಿ ದ್ರವ ತೊಟ್ಟಿಕ್ಕಿತು, ಇಳಿಯಿತು, ಹರಿಯಿತು. ನಾನು ಹಿಡಿಕೆಗೆ ಕೈ ಹಾಕಿದೆ.

"ಬಾಗಿಲು ತೆಗೀಬೇಡ!" ಎಂದು ಡಗ್ ಕೂಗಿದರು.

ತೆಗೆದೆ.

ಮುಂದಿನದನ್ನು ಹೆಚ್ಚು ವರ್ಣಿಸಲಾರೆ. ಒಂದು ಸಣ್ಣ ಸಮಾರಾಧನೆಗೆ ಸಾಲುವಷ್ಟು ಅಂಬಲಿ ಹೊಸ್ತಿಲು ದಾಟಿ ಹೊರಗೆ ನಡೆದು ಬಂತು. ನನ್ನ ಕಾಲುಚೀಲ ಅದರಲ್ಲಿ ಮುಳುಗಿತು. ಡಗ್ ಮೊಣಕಾಲೂರಿದ್ದವರು ಹಾಗೇ ಸಿಕ್ಕಿಕೊಂಡರು. ಮೆಷಿನ್ನು ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು.

ಆಗ ಮಾರ್ಗರೆಟ್ ಮುಖ ನೋಡಿದೆ. ಅವರಿಗೆ ರಾಗಿ ಏನು ಗೊತ್ತು? ಅಷ್ಟು ವರ್ಷ ಜೊತೆಗಿದ್ದ ಜೀವ ಕಣ್ಣೆದುರೇ ತುಕ್ಕು ಕಾರಿಕೊಂಡು ಸತ್ತಿತು ಎಂದೇ ತಿಳಿದರು. ಕಟ್ಟೆಯ ಅಂಚು ಹಿಡಿದುಕೊಂಡು, "ಹೋಯ್ತಾ? ನಾನೇ ಕೊಂದೆನಾ? ಕೇಳಬೇಕು ಅಂತ ಹಟ ಮಾಡಬಾರದಿತ್ತು" ಎಂದರು ಮೆಲ್ಲಗೆ. ಅಷ್ಟು ಹೊತ್ತೂ ನಗು ಬರುತ್ತಿತ್ತು. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಶಾಲಿನಿ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಅದು ತುಕ್ಕಲ್ಲ ಮಾರ್ಗರೆಟ್, ಹಿಟ್ಟು. ನಮ್ಮಮ್ಮ ಕಳಿಸಿದ್ದು" ಎಂದು ಶುರು ಮಾಡಿ, ಬೀರುವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟಳು. ನಾನು ಅಂಬಲಿಯಲ್ಲಿ ನಿಂತು ಕೇಳಿಸಿಕೊಂಡೆ.

ಮಾರ್ಗರೆಟ್ ನನ್ನತ್ತ ತಿರುಗಿದರು. "ಅಂದ್ರೆ, ಇಷ್ಟು ವರ್ಷ ಇದರಲ್ಲಿ ಏನೂ ತೊಳೆದೇ ಇಲ್ವಾ? ಮತ್ತೆ ಪಾತ್ರೆ ಯಾರು ತೊಳೀತಾರೆ?"

ಶಾಲಿನಿ ಬೆರಳು ತೋರಿಸಿದಳು. ಮಾರ್ಗರೆಟ್ ನನ್ನನ್ನು ತಲೆಯಿಂದ ಕಾಲಿನವರೆಗೆ, ಅಂದರೆ ಅಂಬಲಿಯವರೆಗೆ ನೋಡಿದರು. ನಗಲಾರಂಭಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು.

ಡಗ್ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಅಂಗಿಯ ತೋಳು ಮಡಚಿ, ನಮ್ಮ ಸಾಂಬಾರಿನ ಸೌಟು ಕೇಳಿ ಪಡೆದು, ಮೆಷಿನ್ನಿನ ಗಂಟಲಿನಿಂದ ಅಂಬಲಿ ತೋಡತೊಡಗಿದರು. ನಾನು ಬಕೆಟ್ ಹಿಡಿದೆ. ನಡುವೆ ಒಮ್ಮೆ ಅವರು ಬೆರಳು ನೆಕ್ಕಿ, "ಉಪ್ಪು ಬೇಕು" ಎಂದರು. ಪಿಂಗಾಣಿ ತಟ್ಟೆ ಮೂಲೆಯಲ್ಲಿ ಹಿಟ್ಟು ಬಳಿದುಕೊಂಡು ನಿಂತಿತ್ತು. ಪುಣ್ಯಕ್ಕೆ ಒಡೆದಿರಲಿಲ್ಲ! ಬಾಗಿಲಿನ ಅಂಚಿಗೆ ನಾನು ಹಳೆಯ ಪಂಚೆ ಹರಿದು ತುರುಕಿದೆ. ವಿಮಾನದಲ್ಲಿ ಇದಕ್ಕೆ ಅನುಮತಿ ಸಿಗುವುದಿಲ್ಲ.

ಮಾರ್ಗರೆಟ್ ಮತ್ತೆ ಬಟನ್ ಒತ್ತಿದರು. ಮೆಷಿನ್ನು ಕೆಮ್ಮಿತು, ಗಂಟಲು ಸರಿಪಡಿಸಿಕೊಂಡಿತು, ಆಮೇಲೆ ಸಮಾಧಾನವಾಗಿ ಓಡತೊಡಗಿತು.

"ಹ್ಞಾಂ, ಇದು!" ಎಂದರು ಮಾರ್ಗರೆಟ್.

ನಾವೆಲ್ಲ ಊಟದ ಮೇಜಿನ ಸುತ್ತ ಕುಳಿತು ಕೇಳಿದೆವು. ಬಹಳ ಹೊತ್ತಿನ ಮೇಲೆ ಒಳಗೆ ಟಕ್ ಎಂದು ಏನೋ ಸರಿದು ನೀರಿನ ಸದ್ದು ಬದಲಾಯಿತು. ಆ ಕ್ಷಣ ಮಾರ್ಗರೆಟ್ ತಟ್ಟನೆ ತಲೆಯೆತ್ತಿ ಒಲೆಯ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

"ಈ ಸದ್ದು ಬಂದಾಗ ಎಡ್ ಎದ್ದು ಕಾಫಿಗೆ ಇಡ್ತಿದ್ದ" ಎಂದರು. "ಪಾತ್ರೆ ತೊಳೆಯೋ ಕೆಲಸ ಇಲ್ವಲ್ಲ, ಅದು ಓಡೋ ಅಷ್ಟು ಹೊತ್ತು ಇಬ್ಬರೂ ಕೂತು ಮಾತಾಡ್ತಿದ್ವಿ. ಏನು ಮಾತಾಡಿದ್ವೋ, ಒಂದೂ ನೆನಪಿಲ್ಲ. ಕೂತಿದ್ದು ನೆನಪಿದೆ."

ಶಾಲಿನಿ ಎದ್ದು ಕಾಫಿಗಿಟ್ಟಳು. ಲೋಟ ತಂದಿಡುವಾಗ ನನ್ನ ಕಡೆ ನೋಡಿ, "ಸೋಮವಾರದವರಿಗೆ ಫೋನ್ ಮಾಡಿ. ಉಳಿದದ್ದೆಲ್ಲ ಕೀಳಲಿ, ಇದೊಂದು ಇಲ್ಲೇ ಇರುತ್ತೆ ಅನ್ನಿ" ಎಂದಳು. ಡಗ್ ಮುಖ ಸಣ್ಣದಾಯಿತು. ಆದರೂ ಅವರೇ ಮುಂದಿನ ವಾರ ಹೊಸ ರಬ್ಬರ್ ತಂದು ಕೂರಿಸಿಕೊಟ್ಟರು. ನನ್ನನ್ನು ಮುಟ್ಟಗೊಡಲಿಲ್ಲ.

ಈಗ ನಮ್ಮ ಬಿಳಿ ಬಿಳಿ ಹೊಸ ಅಡುಗೆಮನೆಯ ನಟ್ಟನಡುವೆ ಒಂದು ಕಂದು ಮೆಷಿನ್ನಿದೆ. ಪ್ರತಿ ಶನಿವಾರ ಲಿನ್‌ವುಡ್‌ಗೆ ಡ್ರೈವ್ ಮಾಡಿ ಮಾರ್ಗರೆಟ್ ಅವರನ್ನು ಕರೆತರುತ್ತೇನೆ. ಊಟ ಮಾಡಿ, ಮೆಷಿನ್ನು ಹಾಕಿ, ಕಾಫಿ ಕುಡಿಯುತ್ತಾ ಕೂರುತ್ತೇವೆ. ನಿಂತ ಮೇಲೆ ಮಾರ್ಗರೆಟ್ ಒಂದು ತಟ್ಟೆ ತೆಗೆದು ಬೆಳಕಿಗೆ ಹಿಡಿದು, "ನೋಡಿದ್ಯಾ, ಹೇಗೆ ತೊಳೆದಿದೆ!" ಎನ್ನುತ್ತಾರೆ. ಅದರ ಮೇಲೆ ಸಾರಿನ ಅರಿಶಿನ, ಅಂಚಿನಲ್ಲಿ ಸಾಸಿವೆ, ನಡುವೆ ಒಂದು ಕರಿಬೇವು ಕ್ಷೇಮವಾಗಿರುತ್ತವೆ. ಅವರ ಕಣ್ಣಿಗೆ ಅವು ಕಾಣವು.

"ಫಳಫಳ ಅಂತಿದೆ, ಮಾರ್ಗರೆಟ್!" ಎನ್ನುತ್ತೇನೆ. ಅವರನ್ನು ಮನೆ ಮುಟ್ಟಿಸಿ ಬಂದು, ಅಂಗಿಯ ತೋಳು ಮಡಚಿ, ಅಷ್ಟೂ ಪಾತ್ರೆಗಳನ್ನು ಹೊರಗೆ ತೆಗೆದು ಕೈಯಲ್ಲಿ ತೊಳೆಯುತ್ತೇನೆ. ಮುಸುರೆ ಒಳಗೆ ಹೋಗಬಾರದು ಎಂದು ಶಾಲಿನಿ ಅವನ್ನು ಹಾಕುವ ಮೊದಲೂ ಒಂದು ಸಲ ಅವಸರದಲ್ಲಿ ಮೇಲೆ ಮೇಲೆ ನನ್ನಿಂದಲೇ ತೊಳೆಸಿರುತ್ತಾಳೆ. ಡಿಶ್‌ವಾಷರ್ ಬಳಸಲು ಶುರು ಮಾಡಿದ ಮೇಲೆ ಪಾತ್ರೆ ತೊಳೆಯುವ ಕೆಲಸ ಎರಡರಷ್ಟಾದ ಗಂಡಸು ಈ ಭೂಮಂಡಲದಲ್ಲಿ ಬಹುಶಃ ನಾನೊಬ್ಬನೇ!