ಎಳ್ಳಿನಷ್ಟು ಅಕ್ಷರ, ಗೋಡೆಯಷ್ಟು ಹೆಸರು

ತೊಗರಿಬೇಳೆ ಆರಿಸುತ್ತ ಕೂತಾಗ ಮನಸ್ಸು ಹಗುರಾಗುತ್ತದೆ ಎನ್ನುವುದು ನನ್ನ ಅನುಭವ. ಕಲ್ಲು ಒಂದು ಕಡೆ, ಬೇಳೆ ಒಂದು ಕಡೆ, ಬಾಯಲ್ಲಿ ಶಿವನಾಮ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಇಷ್ಟು ನಿಚ್ಚಳವಾಗಿ ಬೇರೆ ಮಾಡುವ ಕೆಲಸ ಮನೆಯಲ್ಲಿ ಮತ್ತೊಂದಿಲ್ಲ. ಇದರಲ್ಲಿ ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಗರ್ವವೂ ಇದೆ. ದೇವರೆದುರು ಒಪ್ಪಿಕೊಂಡದ್ದಾಗಿದೆ, ನಿಮ್ಮೆದುರು ಮುಚ್ಚಿಡುವುದೇಕೆ? ಅಂದೂ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದೆ. ಅರ್ಧ ಬೇಳೆ ಆಗಿತ್ತು, ಅರ್ಧ ಉಳಿದಿತ್ತು. ಒಳಕೋಣೆಯಿಂದ ನಮ್ಮ ಮನೆಯವರ ದನಿ ಬಂತು: "ಇಲ್ಲಿ ಬಾ. ಅಕ್ಷರ ಎಲ್ಲಾ ಇರಿವಿ ಆಗ್ಯಾವು."

ಅವರ ಉದ್ಯೋಗ ಮದುವೆಯ ವಿಡಿಯೊ ತೆಗೆದು, ರಾಯಚೂರಿನ ನಮ್ಮ ಮನೆಯಲ್ಲೇ ಕೂತು ಕತ್ತರಿಸಿ ಜೋಡಿಸಿ ಕೊಡುವುದು. ಕಂಪ್ಯೂಟರಿನ ಹಳೆಯ ಪರದೆ ಕಣ್ಣು ಮುಚ್ಚಿತ್ತೆಂದು ಅಂದು ಬೆಳಿಗ್ಗೆ ಫೋರ್‌ಕೆ ಎಂಬ ದೊಡ್ಡ ಪರದೆ ತಂದಿದ್ದರು. ನಾನೇ ಅದರ ನೆತ್ತಿಗೆ ವಿಭೂತಿ ಹಚ್ಚಿ ಒಂದು ಚೆಂಡುಹೂವು ಇಟ್ಟಿದ್ದೆ. ಚಿತ್ರವೇನೋ ಸೀರೆಯ ಜರಿ ಎಳೆ ಎಣಿಸುವಷ್ಟು ಸ್ವಚ್ಛ. ಆದರೆ ವಿಡಿಯೊ ಕತ್ತರಿಸುವ ಸಾಫ್ಟ್‌ವೇರಿನ ಬಟನ್ನು, ಮೆನು, ಅಕ್ಷರ ಎಲ್ಲ ಚದುರಿ ಬಿದ್ದ ಎಳ್ಳಿನ ಹಾಗೆ ಕಂಡವು. ಪರದೆಗೆ ಚಿತ್ರ ಮೂಡಿಸುವ ಚುಕ್ಕಿಗಳು ಹೆಚ್ಚಾದಷ್ಟೂ ಅಕ್ಷರ ಸಣ್ಣವಾಗುತ್ತವಂತೆ. ಒಡವೆ ಹೆಚ್ಚಾದಷ್ಟೂ ಮಾತು ಸಣ್ಣದಾಗುವ ಮಂದಿಯನ್ನು ನೋಡಿದ್ದೆ. ಪರದೆಗೂ ಆ ಗುಣ ಇರುತ್ತದೆಂದು ಗೊತ್ತಿರಲಿಲ್ಲ.

ಬೇರೆ ದಿನವಾದರೆ ನಕ್ಕು ಹೋಗುತ್ತಿದ್ದೆ. ಅಂದು ನಗುವ ಹಾಗಿರಲಿಲ್ಲ. ಅವರ ಮುಂದಿದ್ದದ್ದು ಗೌರಿಯ ಮದುವೆಯ ವಿಡಿಯೊ. ಗೌರಿ ದೇವದುರ್ಗದಲ್ಲಿರುವ ಅವರ ಅಕ್ಕ ಶರಣಮ್ಮನ ಮಗಳು. ನಮ್ಮವರು ಅವಳ ಒಬ್ಬನೇ ಸೋದರಮಾವ. ಗಿರಾಕಿಗಳ ಕೆಲಸ ಮುಂದೆ, ಮನೆಮಂದಿಯ ಕೆಲಸ ಹಿಂದೆ ಎಂಬುದು ಈ ಉದ್ಯೋಗದ ನಿಯಮ. ಹಾಗೆ ಹಿಂದೆ ಹಿಂದೆ ಸರಿದ ವಿಡಿಯೊ ಇನ್ನೂ ಆಗಿರಲೇ ಇಲ್ಲ. ಅಷ್ಟರಲ್ಲಿ ಹುಡುಗಿ ಬಸುರಾಗಿ, ಬರುವ ಸೋಮವಾರವೇ ತೌರುಮನೆಯ ಕುಬುಸ, ಅಂದರೆ ಸೀಮಂತ, ಬಂದುಬಿಟ್ಟಿತ್ತು. ಶರಣಮ್ಮ ಫೋನಿನಲ್ಲಿ ಕೂಗಾಡಲಿಲ್ಲ. "ಮದುವಿ ವಿಡಿಯೊ ಕುಬುಸಕ್ಕರ ತರ್ತಿಯೋ, ಇಲ್ಲಾ ಕೂಸು ಹುಟ್ಟಿದ ಮ್ಯಾಲೆ ಅದೂ ಕುಂತು ನೋಡ್ಲಿ ಅಂತೀಯೋ?" ಎಂದು ಮೆತ್ತಗೆ ಕೇಳಿದಳು. "ಕೈ ಬೀಸ್ಕೊಂತ ಬಂದ್ರ ಮಂದಿ ಮುಂದ ಹೊಸ್ತಿಲದಾಗ ನಿಲ್ಲಸ್ತೀನಿ ನೋಡಪಾ." ಆಕೆ ಹೇಳಿದ್ದನ್ನು ಮಾಡುವವಳು. ಬೀಗರ ಎದುರು ಸೋದರಮಾವ ಹೊಸ್ತಿಲಲ್ಲಿ ನಿಲ್ಲುವುದೆಂದರೆ ಹುಡುಗಾಟವೇ?

ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡುವ ಒಂದು ಸೌಕರ್ಯವಿದೆ. ಅದನ್ನು ಶೇಕಡಾ ನೂರೈವತ್ತಕ್ಕೆ ಏರಿಸಿದರು. ಊರೆಲ್ಲ ದೊಡ್ಡದಾಯಿತು, ಆ ಸಾಫ್ಟ್‌ವೇರು ಮಾತ್ರ ಇದ್ದಲ್ಲೇ ಇತ್ತು. ಅದರದೇ ಕಿವಿ ಹಿಂಡಿ, ಅದೊಂದನ್ನೇ ದೊಡ್ಡದು ಮಾಡುವ ಕಡೆ ಒತ್ತಿದರೆ ಅಕ್ಷರ ದೊಡ್ಡವಾದವು, ಆದರೆ ಮಂಜು ಕವಿದಂತೆ ಮಸುಕು. ಇನ್ನೂ ಏರಿಸಿದರೆ ಪರದೆಯೊಳಗಿನ ಕಿಟಕಿಗಳೆಲ್ಲ ಉಬ್ಬಿ, ಕೊನೆಗೆ ಒತ್ತಬೇಕಾದ ಬಟನ್ನೇ ಪರದೆಯ ಕೆಳಗಿಳಿದು ಕಾಣೆಯಾಯಿತು. ಮಾನ್ವಿಯಲ್ಲಿ ಇಂಥದ್ದೇ ಸ್ಟುಡಿಯೊ ಇಟ್ಟುಕೊಂಡಿರುವ ಗೆಳೆಯರಿಗೆ ಫೋನು ಹಚ್ಚಿದರು. ಅವರೂ ಇಂಥದ್ದೇ ಪರದೆ ತಂದಿದ್ದರಂತೆ. ಏನು ಮಾಡಿದ್ರಿ ಎಂದು ಕೇಳಿದರೆ, "ಪರದೆ ಹಂಗ ಇಟ್ಟೀನ್ರಿ, ಚಷ್ಮಾ ಬದ್ಲಿ ಮಾಡ್ಸೀನಿ" ಎಂದರು.

ಚಷ್ಮಾ ಮಾಡಿಸಲು ವೇಳೆ ಇರಲಿಲ್ಲ. ನನ್ನ ಕಣ್ಣಿದ್ದವಲ್ಲ! ಮೊರ ಹಾಗೇ ಬಿಟ್ಟು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ನಾನು ಪರದೆಗೆ ಮೂಗು ಹಚ್ಚಿ ಓದುವುದು, ಅವರು ಒತ್ತುವುದು. ನಡುನಡುವೆ ನನ್ನ ಇಂಗ್ಲಿಷು ತಡವರಿಸಿದಾಗ ಅವರು ಸಿಟ್ಟಾಗಲಿಲ್ಲ, ಕರೆಂಟೂ ಹೋಗಲಿಲ್ಲ. ಎರಡನ್ನೂ ನಾನು ಶಿವನ ಲೆಕ್ಕಕ್ಕೆ ಬರೆದುಕೊಂಡೆ. ಕೊನೆಗೆ ಉಳಿದದ್ದು ಶಿವಲಿಂಗ ಆದ ಮೇಲೆ ಬರುವ ಮೊದಲ ಚಿತ್ರದ ಮೇಲೆ ಗೌರಿಯ ತಾಯಿತಂದೆಯ ಹೆಸರು ಒಂದಾದ ಮೇಲೊಂದು ಬರುವಂತೆ ಕೂಡಿಸುವುದು. ಆ ದೊಡ್ಡ ಪರದೆಯಲ್ಲಿ ಚಿತ್ರ ತೋರಿಸುವ ಕಿಟಕಿ ಬೆಂಕಿಪೊಟ್ಟಣದಷ್ಟಿತ್ತು. ಅದರೊಳಗೆ ಮದುಮಕ್ಕಳ ಜೊತೆ ಬಂಧುಗಳೆಲ್ಲ ಸಾಲಾಗಿ ನಿಂತಿದ್ದರು, ಹೆಸರು ಕೆಳಗೆ ಸಾಸಿವೆಯ ಹಾಗೆ. ಹಿಂದೊಮ್ಮೆ ತನ್ನ ಮೈದುನನ ಮದುವೆಯ ವಿಡಿಯೊದಲ್ಲಿ ತನ್ನ ಹೆಸರು ಓದಲಿಕ್ಕೇ ಬರಲಿಲ್ಲವೆಂದು ಶರಣಮ್ಮ ಪ್ರತಿ ಹಬ್ಬಕ್ಕೂ ಆಡಿಕೊಂಡದ್ದು ನನಗೆ ನೆನಪಾಯಿತು. "ಅಕ್ಕಾರ ಹೆಸರು ಕಾಣವಲ್ದು. ಇನ್ನೊಂಚೂರು ದೊಡ್ಡದು ಮಾಡ್ರಿ" ಎಂದೆ. ಟಿವಿಯಲ್ಲಿ ಇಷ್ಟೇ ಸಾಕಾಗುತ್ತದೆ ಎಂದು ಅವರು ಹೇಳಿ ನೋಡಿದರು. ನಾನು ಬಿಡಲಿಲ್ಲ. ಅವರು ಏರಿಸಿದರು, ನಾನು ಇನ್ನೊಂಚೂರು ಎಂದೆ. ದಣಿದ ಮನುಷ್ಯ, ಏರಿಸುತ್ತ ಹೋದರು. ನನ್ನ ಕಣ್ಣಿಗೆ ಒಪ್ಪಾಗಿ ಕಂಡ ಮೇಲೆಯೇ ಬಿಟ್ಟೆ.

ಸೋಮವಾರ ಪೆನ್‌ಡ್ರೈವನ್ನು ಅರಿಷಿಣ ಕುಂಕುಮದ ಜೊತೆ ತಟ್ಟೆಯಲ್ಲೇ ಇಟ್ಟುಕೊಂಡು ದೇವದುರ್ಗಕ್ಕೆ ಹೋದೆವು. ಹೊಸ್ತಿಲಲ್ಲಿ ಶರಣಮ್ಮ ಮೊದಲು ತಟ್ಟೆ ನೋಡಿ, ಆಮೇಲೆ ತಮ್ಮನ ಮುಖ ನೋಡಿ, "ಬರ್ರಿ" ಎಂದಳು. ಗೌರಿಗೆ ಹಸಿರು ಬಳೆ ತೊಡಿಸಿ, ಕುಬುಸ ಕೊಟ್ಟು, ಆರತಿ ಆದ ಮೇಲೆ ಬೀಗರೆಲ್ಲ ಗೋಡೆಯ ಟಿವಿಯ ಮುಂದೆ ಕೂತರು. ಮೊದಲು ಶಿವಲಿಂಗ ಬಂತು, ಎಲ್ಲರೂ ಕೈ ಮುಗಿದರು. ಆಮೇಲೆ ಶರಣಮ್ಮನ ಹೆಸರು ಬಂತು. ಬಂಗಾರದ ಬಣ್ಣದಲ್ಲಿ, ಈ ಗೋಡೆಯಿಂದ ಆ ಗೋಡೆಗೆ. ಮದುಮಕ್ಕಳ ಮುಖ ಮುಚ್ಚಿ, ಅಕ್ಷರದ ಮೇಲೆ ಎರಡು ಬಾಸಿಂಗ ಮಾತ್ರ ಇಣುಕುತ್ತಿದ್ದವು.

ನಮ್ಮವರು ನೆಲ ನೋಡುತ್ತ ಕೂತರು. ನಾನು ಸೆರಗು ಸರಿ ಮಾಡಿಕೊಂಡೆ, ಅದು ಸರಿಯಾಗಿಯೇ ಇತ್ತು. ಶರಣಮ್ಮ ಮುಂದೆ ಬಾಗಿ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಓದಿದಳು.

"ಈಗ ನೋಡಪಾ, ಹೆಸರಂದ್ರ ಹಿಂಗಿರಬೇಕು," ಎಂದಳು. "ಚಷ್ಮಾ ಇಲ್ದ ಓದಿದ್ನಿ. ಇನ್ನೊಮ್ಮಿ ಹಚ್ಚು."

ಇನ್ನೊಮ್ಮೆ ಹಚ್ಚಿದರು. ಈ ಸಲ ಆಕೆ ಅಕ್ಷರದ ಸುತ್ತ ಕಣ್ಣಾಡಿಸಿ ಕೇಳಿದಳು: "ಅಲ್ಲೋ, ಇದರಾಗ ನಿನ್ನ ಹೆಂಡ್ತಿ ಎಲ್ಲಿ ಅದಾಳ?"

"ನಿನ್ನ ಹೆಸರಿನ ಹಿಂದ ಅದಾಳ, ಅಕ್ಕಾ," ಎಂದರು ನಮ್ಮವರು.

ಮಂದಿಯೆಲ್ಲ ನಕ್ಕರು. ಗೌರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಸ ಇಳಕಲ್ ಸೀರೆ ಉಟ್ಟು ಆ ಸಾಲಿನಲ್ಲಿ ನಾನು ಎಷ್ಟು ನೆಟ್ಟಗೆ ನಿಂತಿದ್ದೆ ಎಂಬುದು ಇನ್ನು ಶಿವನಿಗೆ ಮಾತ್ರ ಗೊತ್ತು. ಇರಲಿ. ಹೊಸ್ತಿಲು ದಾಟಿಸಿದರು, ಹೋಳಿಗೆಗೆ ತುಪ್ಪ ಕೈಬಿಚ್ಚಿ ಬಡಿಸಿದರು. ಅಷ್ಟು ಸಾಲದೇ?

ಮರುದಿನ ಮಧ್ಯಾಹ್ನ ರಾಯಚೂರಿನ ನಮ್ಮ ಅಡುಗೆಮನೆಯಲ್ಲಿ ಅವರು ಅನ್ನಕ್ಕೆ ಬೇಳೆಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಕಟಕ್ ಎಂದಿತು. ಮೊರದಲ್ಲಿ ಅರ್ಧಕ್ಕೆ ಬಿಟ್ಟುಹೋದದ್ದನ್ನು ನಾನು ಆರಿಸಿದ ಬೇಳೆಯೆಂದೇ ನಂಬಿ ಡಬ್ಬಿಗೆ ತುಂಬಿ, ಅದನ್ನೇ ಕುಕ್ಕರಿಗೆ ಹಾಕಿದ್ದೆ. ಅವರು ಕಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟು, ಅದನ್ನೇ ನೋಡುತ್ತ, "ಇದನ್ನೂ ಇನ್ನೊಂಚೂರು ದೊಡ್ಡದು ಮಾಡಿ ನೋಡ್ಬೇಕಾಗಿತ್ತು" ಎಂದರು.

ಮಾನ್ವಿಯವರು ಚಷ್ಮಾ ಎಲ್ಲಿ ಮಾಡಿಸಿದರೆಂದು ಕೇಳಬೇಕೆನ್ನಿಸಿತು. ಡಬ್ಬಿಯಲ್ಲಿ ಉಳಿದ ಬೇಳೆಯನ್ನು ಮೊರಕ್ಕೆ ಸುರುವಿಕೊಂಡು, ಬಾಗಿಲ ಬೆಳಕಿಗೆ ಹೋಗಿ ಕೂತೆ.