ಬದು ದಾಟದ ಬಿರುಕು

ಕುಬಿಹಾಳದ ಹನಮಪ್ಪ ಅಂದು ಮುಂಜಾನೆ ತನ್ನ ಒಣ ಬೋರಿನೊಳಕ್ಕೆ ಒಂದು ಕಿಲೋ ಭಂಡಾರ ಸುರುವಿದ. ಮೈಲಾರಲಿಂಗನ ಒಕ್ಕಲಾದವನು ಅರಿಶಿನ ಚೆಲ್ಲದೆ ಯಾವ ಕೆಲಸಕ್ಕೂ ಕೈಹಾಕುವುದಿಲ್ಲ. ಹೊಲದ ಮೂಲೆಯಲ್ಲಿ ಮೂರು ಮಡಿ ಮೆಣಸಿನ ಅಗಿ, ನಾಟಿಗೆಂದು ಬೆಳೆಸಿದ ಸಸಿ, ಬಾಡುತ್ತಿತ್ತು. ಇಂದು ನೀರು ಬರದಿದ್ದರೆ ಅದರ ಆಸೆ ಬಿಟ್ಟಂತೆಯೇ.

ಬತ್ತಿದ ಬೋರಿಗೆ ನೀರು ತರಿಸಲು ಅವನು ಕರೆಸಿದ್ದ ಲಾರಿಯವರು ಬೋರಿನ ಬಾಯಿ ಬಿಗಿದು, ಟ್ಯಾಂಕರ್ ನೀರನ್ನು ಭಾರೀ ಒತ್ತಡದಲ್ಲಿ ಒಳಗೆ ನೂಕಿದರು. ಬಂಡೆ ಬಿರಿದು, ಆ ಬಿರುಕು ಎಲ್ಲಾದರೂ ಸೆಲೆಗೆ ತಾಕಿದರೆ ಬೋರು ಬದುಕಿದಂತೆ. ಮೀಟರಿನ ಮುಳ್ಳು ಏರಿ ಏರಿ ಒಮ್ಮೆಲೇ ಕೆಳಗೆ ಬಿತ್ತು. ಲಾರಿಯವರ ಎಂಜಿನಿಯರ್ ಕಿರಣಕುಮಾರ ಒಳಹೋದ ನೀರು, ಬಿದ್ದ ಒತ್ತಡ ಎರಡನ್ನೂ ಹಿಡಿದು ಲೆಕ್ಕ ಹಾಕಿದ.

“ಕಲ್ಲು ಒಡದೈತ್ರಿ ಕಾಕಾ. ಬಿರುಕು ಇನ್ನೂರು ಫೂಟ್ ಹೋಗಿರಬೇಕು.”

ಹನಮಪ್ಪ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಚಾದಂಗಡಿ ಮುಟ್ಟುವ ಹೊತ್ತಿಗೆ ಇನ್ನೂರು ಮುನ್ನೂರಾಗಿತ್ತು.

ಸುದ್ದಿ ಕೇಳಿ ಮೊದಲು ಬಂದವಳು ನೆರೆಮನೆಯ ಗುರವ್ವ. ಅವಳ ಅಡುಗೆಮನೆಯ ಗೋಡೆ ಹೋದ ವರ್ಷವೇ ಸೀಳಿತ್ತು. “ನಿನ್ನ ಬಿರುಕು ನಮ್ಮ ಒಲಿತನಕಾ ಬಂದೈತಿ. ಗ್ವಾಡಿ ಮೆತ್ತಿಕೊಡು,” ಎಂದಳು.

ಹಿಂದೆಯೇ ಬಾಜು ಹೊಲದ ಶಂಭುಲಿಂಗಪ್ಪ ಟೇಪು ಹಿಡಿದು ಬಂದು ಅಳೆದ. ಬೋರಿನಿಂದ ಬದುವಿಗೆ ತೊಂಬತ್ತು ಫೂಟು. ಬದುವಿನಾಚೆ ಅವನದೊಂದು ಸತ್ತ ಬೋರು ಬಾಯಿಗೆ ಕಲ್ಲು ಹೇರಿಕೊಂಡು ಬಿದ್ದಿತ್ತು.

“ನೂರಾ ಹತ್ತು ಫೂಟ್ ನನ್ನ ಹೊಲದಾಗ ಬಂದೀಯಲ್ಲೋ. ಅರ್ಧಾ ನೀರು ಕೊಡು, ಸುಮ್ನಿರ್ತೇನಿ.”

ಹನಮಪ್ಪ ಕಿರಣಕುಮಾರನ ಕಡೆ ತಿರುಗಿದ. “ಸಾಹೇಬ್ರ, ಸ್ವಲ್ಪ ಕಡಿಮಿ ಮಾಡ್ರಿ.”

“ಅದು ಅಂದಾಜ್ರಿ. ಒಳಗ ಇಳದು ನೋಡಿದವರು ಯಾರದಾರ?”

“ಯಾರೂ ನೋಡಿಲ್ಲಂದ್ರ ದಾಟಿಲ್ಲ,” ಎಂದ ಹನಮಪ್ಪ.

“ಅರ್ಧಾ ಕೊಡೂಣು. ಅಗಿಯಾದ್ರೂ ಉಳೀತೈತಿ,” ಎಂದು ಹೆಂಡತಿ ಮರೆವ್ವ ಪಿಸುಗುಟ್ಟಿದಳು. ಅವನು ಕಿವಿಗೊಡಲಿಲ್ಲ. ಶಂಭುಲಿಂಗಪ್ಪ ಬರೆದು ಕೊಡೆಂದದ್ದೇ ತಡ, ಹನಮಪ್ಪ ಬರೆದೂ ಕೊಟ್ಟ: ‘ನನ್ನ ಬಿರುಕು ಬದು ದಾಟಿಲ್ಲ. ಬದುವಿನಾಚೆಯ ನೀರಿಗೂ ನನಗೂ ಸಂಬಂಧವಿಲ್ಲ.’ ಗುರವ್ವ ಮುಖ ಸಿಂಡರಿಸಿಕೊಂಡೇ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದಳು.

ಇಳಿಹೊತ್ತಿಗೆ ನೀರು ಮೇಲೆತ್ತಲು ಕಂಪ್ರೆಸರ್ ಹಚ್ಚಿದರು. ಹನಮಪ್ಪನ ಬೋರು ಒಂದು ಬೊಗಸೆ ಕೆಸರು ಉಗುಳಿ ಬರೀ ಗಾಳಿ ಊದಿತು. ಹಾಕಿದ ಟ್ಯಾಂಕರ್ ನೀರೂ ತಿರುಗಿ ಬರಲಿಲ್ಲ.

“ಬಂದದ್ದು ಬಂದೀರಿ, ನಂದೂ ಒಮ್ಮಿ ನೋಡ್ರಿ,” ಎಂದ ಶಂಭುಲಿಂಗಪ್ಪ.

ಕಲ್ಲು ಸರಿಸಿ ಪೈಪು ಇಳಿಸಿದರು. ಎರಡು ಇಂಚು ನೀರು ಬಂತು. ಒಂದು ತಾಸು ಕಳೆದರೂ ಹರಿವು ನಿಲ್ಲಲಿಲ್ಲ. ಬಣ್ಣ ಅಚ್ಚ ಅರಿಶಿನದ್ದು.

“ನೋಡ್ರಿ, ನನ್ನ ಲೆಕ್ಕ ಖರೇ ಆತು,” ಎಂದು ಕಿರಣಕುಮಾರ ಸಮಾಧಾನದಿಂದ ಬರೆದುಕೊಂಡ.

“ಅದು ನನ್ನ ಭಂಡಾರ,” ಎಂದ ಹನಮಪ್ಪ.

ಶಂಭುಲಿಂಗಪ್ಪ ಹಳದಿ ನೀರನ್ನು ಭಕ್ತಿಯಿಂದ ಹಣೆಗೆ ಹಚ್ಚಿಕೊಂಡು, ಕಿಸೆಯ ಕಾಗದವನ್ನು ಮೇಲಿನಿಂದಲೇ ಮುಟ್ಟಿ ನೋಡಿಕೊಂಡ. ಮರೆವ್ವ ಕೊಡ ಎತ್ತಿಕೊಂಡು ಬದು ದಾಟಿದಳು.

ಗುರವ್ವ ಹತ್ತಿರ ಬಂದು ನಿಂತಳು.

“ಬಿರುಕು ದಾಟೇತಿ ಅಂತಾತು. ಗ್ವಾಡಿ ಮೆತ್ತಾಕ ಯಾವತ್ತ ಬರ್ತಿ, ಹನಮಪ್ಪ?”